ಲಾಟರಿಗಲ್ಲ ಎಂದು ಸಹಿ ಮಾಡಿ

ಕರ್ನಾಟಕದಲ್ಲಿ ಲಾಟರಿ ನಿಂತಿದ್ದು 2007ರಲ್ಲಿ. ಅದಿದ್ದ ಕಾಲದಲ್ಲೂ ತಿಪಟೂರಿನ ನಮ್ಮ ಭಾವ ಒಂದು ಟಿಕೆಟ್ಟು ಮುಟ್ಟಿದವರಲ್ಲ. ಅಂಥವರು 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೂತು, ಈ ಹಣದಲ್ಲಿ ಲಾಟರಿ ಕೊಳ್ಳುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಹಾಕಿದರು.

"ನಾನ್ಯಾವಾಗ ಆಡಿದ್ನೋ ಲಾಟರೀನ?" ಎಂದು ನನ್ನ ಕಡೆ ತಿರುಗಿದರು.

"ಆಡಿದೀರಿ ಅಂತಲ್ಲ ಭಾವ, ಆಡಲ್ಲ ಅಂತ."

"ಮಗಳ ಫೀಸಲ್ಲಿ ಯಾರಾದ್ರೂ ಲಾಟರಿ ಆಡ್ತಾರೇನೋ?"

ಅಕ್ಕನ ಮಗಳಿಗೆ ಅಮೆರಿಕದಲ್ಲಿ ಎಂ.ಎಸ್. ಸೀಟು ಸಿಕ್ಕಿತ್ತು. ಮೊದಲ ಕಂತು 22,000 ಡಾಲರ್. ಊರಿನ ಶಾಖೆಯಲ್ಲಿ "ಫಾರಿನ್ನಿಗೆಲ್ಲ ಇಲ್ಲಿಂದ ಆಗಲ್ಲ, ಬೆಂಗಳೂರಿಗೆ ಹೋಗಿ" ಎಂದಿದ್ದರಿಂದ ಭಾವ ರೈಲು ಹತ್ತಿ ಬಂದಿದ್ದರು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಸಮಸ್ತ ದಾಖಲೆ.

ಸಾಲಕ್ಕೂ ಓಡಾಡಿದ್ದರು ಪಾಪ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಅಡಮಾನ ಬೇಕು ಎಂದರು. ಮನೆ ಪತ್ರ ತೋರಿಸಿದರೆ ಇ-ಸ್ವತ್ತಿನ ಫಾರಂ 9, 11 ಎಲ್ಲಿ ಎಂದರು. ಅದು ಪಂಚಾಯ್ತಿಯಲ್ಲಿ ಅಜ್ಜನ ಹೆಸರಿನ ಒಂದು ಕೊಂಬಿಗಾಗಿ ನಿಂತುಬಿಟ್ಟಿತ್ತು. ತೆಂಗಿನ ತೋಟ ಇಟ್ಟುಕೊಳ್ಳಿ ಎಂದರೆ, ಕೃಷಿ ಜಮೀನು ನಮಗೆ ನಡೆಯಲ್ಲ ಎಂದರು. ಬ್ಯಾಂಕಿಗೆ ನಡೆಯದ ತೋಟ ಬೇರೆಯವರಿಗೆ ಚೆನ್ನಾಗಿ ನಡೆಯಿತು. 2020ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿದ ಮೇಲೆ ರೈತನಲ್ಲದವನೂ ಜಮೀನು ಕೊಳ್ಳಬಹುದಲ್ಲ, ಹನ್ನೆರಡು ವರ್ಷ ಅಮೆರಿಕದಲ್ಲಿ ದುಡಿದು ಬಂದ ಸಾಫ್ಟ್‌ವೇರ್ ಮಹಾಶಯರೊಬ್ಬರು ಶನಿವಾರ-ಭಾನುವಾರ ಎಳನೀರು ಕುಡಿಯಲೆಂದು ಕೊಂಡರು. ಹೀಗೆ ಅಮೆರಿಕದಿಂದ ಬಂದ ಡಾಲರು ತೋಟವಾಗಿ, ತೋಟ ಮತ್ತೆ ಡಾಲರಾಗಿ ಅಮೆರಿಕಕ್ಕೆ ಹೊರಟಿತು. ಅಕ್ಕನ ಮಾವನವರು ನೆಟ್ಟ ಮರಗಳು ಮಧ್ಯದಲ್ಲಿ ಸುಮ್ಮನೆ ನಿಂತಿದ್ದವು.

ವಿದೇಶಕ್ಕೆ ಹಣ ಕಳಿಸುವ ಈ ದಾರಿಗೆ ರಿಸರ್ವ್ ಬ್ಯಾಂಕ್ ಇಟ್ಟಿರುವ ಹೆಸರು ಲಿಬರಲೈಸ್ಡ್ ರೆಮಿಟೆನ್ಸ್ ಸ್ಕೀಮ್. ಉದಾರ ಎನ್ನುವುದು ಹೆಸರಿನಲ್ಲೇ ಇದೆ. 2004ರಲ್ಲಿ ಶುರುವಾದಾಗ 25,000 ಡಾಲರ್ ಮಿತಿಯಿತ್ತು, ಈಗ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್. ಅಷ್ಟು ಔದಾರ್ಯ ಭಾವನಿಗೆ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಎ2 ಫಾರಂ ಓದಿ ಹೇಳುವ ಒಬ್ಬ ಮನುಷ್ಯ. ಪರ್ಪಸ್ ಕೋಡ್ ಹಾಕಿ ಎಂದರು ಕೌಂಟರಿನ ಮೇಡಂ. ಮಗಳನ್ನು ಓದಿಸುವುದಕ್ಕೂ ಒಂದು ಕೋಡ್ ಇದೆ, ಎಸ್0305.

ರೇಟು ಬಂತು. ಬೆಳಗ್ಗೆ ಟೀವಿಯಲ್ಲಿ ಡಾಲರ್ 87 ರೂಪಾಯಿ 50 ಪೈಸೆ. ಬ್ಯಾಂಕಿನ ಕಿಟಕಿಯಲ್ಲಿ 89.

"ಒಂದೂವರೆ ರೂಪಾಯಿ ಯಾರಿಗಮ್ಮಾ?"

"ಅದು ಮಾರ್ಜಿನ್ ಸರ್."

ಭಾವ ತಲೆಯಾಡಿಸಿದರು. ಕೊಬ್ಬರಿ ಮಾರುಕಟ್ಟೆ ಕಂಡವರಿಗೆ ಬ್ಯಾಂಕಿಂಗ್ ಹೊಸ ವಿದ್ಯೆಯೇನಲ್ಲ. "ದಲಾಲಿ ಅನ್ನಿ" ಎಂದರು. ಆ ದಲಾಲಿ 33,000 ರೂಪಾಯಿ. ರೂಪಾಯಿಯನ್ನು ಡಾಲರ್ ಮಾಡಿಕೊಟ್ಟ ಸೇವೆಗೆ ಜಿಎಸ್‌ಟಿ 1,162. ತಂತಿ ಕಳಿಸುವ ಖರ್ಚು ಬೇರೆ. "ಇದು ಹಮಾಲಿ" ಎಂದರು ಭಾವ.

1913ರಲ್ಲಿ ಅಂಬೇಡ್ಕರ್ ಕೊಲಂಬಿಯಾಕ್ಕೆ ಹೋಗಿದ್ದು ಬರೋಡಾ ಮಹಾರಾಜರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನದಲ್ಲಿ. ಹತ್ತು ವರ್ಷದ ಮೇಲೆ ಅವರ 'ದಿ ಪ್ರಾಬ್ಲಂ ಆಫ್ ದಿ ರುಪೀ' ಲಂಡನ್ನಿನಲ್ಲಿ ಅಚ್ಚಾಯಿತು. ರುಪೀಯ ಪ್ರಾಬ್ಲಂ ಇನ್ನೂ ಇದೆ, ಮಹಾರಾಜರಷ್ಟೇ ಇಲ್ಲ.

ಕೊನೆಗೆ ಮೇಡಂ ದೊಡ್ಡ ಅಂಕಿ ಬರೆದರು: ಟಿಸಿಎಸ್ 47,900, ಮೂಲದಲ್ಲೇ ಹಿಡಿಯುವ ತೆರಿಗೆ. ಆಗ ವರ್ಷಕ್ಕೆ ಹತ್ತು ಲಕ್ಷದವರೆಗೆ ಕಳಿಸಿದರೆ ಏನೂ ಇರಲಿಲ್ಲ, ಮೇಲಿನದಕ್ಕೆ ನೂರಕ್ಕೆ ಐದರಂತೆ ಕಡಿತವಿತ್ತು. ಭಾವ ಕಳಿಸುತ್ತಿದ್ದದ್ದು 19 ಲಕ್ಷ 58 ಸಾವಿರ.

"ಸಾಲದ ದುಡ್ಡಾಗಿದ್ದರೆ ಇದು ಇರ್ತಿರಲಿಲ್ಲ ಸರ್. ಎಜುಕೇಶನ್ ಲೋನಿಗೆ ಈ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲ."

ಅಂದರೆ ಸಾಲಗಾರನಿಗೆ ವಿನಾಯಿತಿ, ತೋಟ ಮಾರಿದವನಿಗೆ ಕಡಿತ. ಸಾಲ ಕೇಳಲು ಹೋದವನನ್ನು ಬಾಗಿಲಲ್ಲೇ ತಿರುಗಿಸಿ, ಸಾಲವಿಲ್ಲದೆ ಬಂದೆಯಾ ಎಂದು ಒಳಗೆ ದಂಡ ಹಾಕುವ ಈ ಚಾತುರ್ಯ ನಮ್ಮ ಊರ ಸಾಹುಕಾರರಿಗೂ ಹೊಳೆದಿರಲಿಲ್ಲ. ದಂಡವಲ್ಲ ಸ್ವಾಮಿ, ಮುಂಗಡ ಎನ್ನುತ್ತದೆ ಇಲಾಖೆ, ರಿಟರ್ನ್ ಹಾಕಿ, ವಾಪಸ್ ಕೊಡುತ್ತೇವೆ. ತೆರಿಗೆ ಜಾಲ ಅಗಲವಾಗಲಿ ಎಂದು 2020ರಲ್ಲಿ ತಂದ ಏರ್ಪಾಡು ಇದು. ಜಾಲಕ್ಕೆ ಈಗ ತಿಪಟೂರಿನ ತೆಂಗು ಬೆಳೆಗಾರರೊಬ್ಬರು ಬಿದ್ದಿದ್ದಾರೆ. ತೆರಿಗೆ ಬೀಳುವಷ್ಟು ಆದಾಯ ತನಗಿಲ್ಲ ಎಂದು ತೋರಿಸಲು ಅವರು ಜೀವನದಲ್ಲಿ ಮೊದಲ ಸಲ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕು.

ಆ ಹತ್ತು ಲಕ್ಷದ ಲೆಕ್ಕ ಒಂದೊಂದು ಪ್ಯಾನ್ ಕಾರ್ಡಿಗೆ. ಅರ್ಧವನ್ನು ಅಕ್ಕ ಕಳಿಸಿದ್ದರೆ 47,900ರಲ್ಲಿ ಒಂದು ಪೈಸೆಯೂ ಹೋಗುತ್ತಿರಲಿಲ್ಲ. ಇದನ್ನು ಮೇಡಂ ಹೇಳಿದ್ದು ಸೀಲು ಬಿದ್ದ ಮೇಲೆ. ಮೊದಲೇ ಹೇಳಿದ್ದರೂ ಅಕ್ಕನಿಗೆ ಪ್ಯಾನ್ ಇರಲಿಲ್ಲ ಬಿಡಿ. ಅವಳಿಗಿರುವುದು ಗೃಹಲಕ್ಷ್ಮಿಯ 2,000 ಬೀಳುವ ಒಂದು ಪಾಸ್‌ಬುಕ್ಕು.

ನಾಲ್ಕು ದಿನಕ್ಕೆ ಸೊಸೆಯ ಫೋನು. "ಮಾವ, 21,975 ಬಂದಿದೆ. 25 ಡಾಲರ್ ಕಮ್ಮಿ. ರಿಜಿಸ್ಟ್ರೇಶನ್ನಿಗೆ ಹೋಲ್ಡ್ ಹಾಕಿದಾರೆ." ದಾರಿಯಲ್ಲಿದ್ದ ಯಾವುದೋ ಬ್ಯಾಂಕು ತನ್ನ ಪಾಲು ಎತ್ತಿಕೊಂಡಿತ್ತು. ಫಾರಂನಲ್ಲಿ ಮೂರು ಚೌಕಗಳಿದ್ದವು, ಓಯುಆರ್, ಎಸ್‌ಎಚ್‌ಎ, ಬಿಇಎನ್. ಮೊದಲನೆಯದಾದರೆ ದಾರಿಖರ್ಚೆಲ್ಲ ಕಳಿಸುವವರದು, ಎರಡನೆಯದಾದರೆ ಹಂಚಿಕೆ, ಮೂರನೆಯದಾದರೆ ಪೂರ್ತಿ ಪಡೆಯುವವರದು. ನಮ್ಮನ್ನು ಕೇಳದೆ ಎರಡನೆಯದಕ್ಕೆ ಟಿಕ್ ಬಿದ್ದಿತ್ತು.

"ಇದು ಸೂಟು ಕಣೋ" ಎಂದರು ಭಾವ ಫೋನಿನಲ್ಲಿ, ಒಂಥರಾ ಸಮಾಧಾನದಿಂದಲೇ. "ತೂಕ ಆದ್ಮೇಲೆ ಎತ್ಕೊಳ್ಳೋದು. ಅಮೆರಿಕದಲ್ಲೂ ಇದೆಯಾ?"

ಉಳಿದ 25 ಡಾಲರ್ ಕಳಿಸಲು ಮತ್ತೆ ಎ2, ಮತ್ತೆ ಪ್ಯಾನ್, ಮತ್ತೆ ಲಾಟರಿಗಲ್ಲ ಎಂಬ ಸಹಿ. ಆ 25ರಲ್ಲೂ ದಾರಿಯ ಬ್ಯಾಂಕು ಮತ್ತೆ 25 ಎತ್ತಿಕೊಂಡರೆ? ಕೊನೆಗೆ ಸೊಸೆ ಅಲ್ಲೇ ರೂಮಿನ ಗೆಳತಿಯ ಹತ್ತಿರ ಕೈಸಾಲ ಮಾಡಿ ಕಟ್ಟಿದಳು. ಸಾಲಕ್ಕೆ ಟಿಸಿಎಸ್ ಇಲ್ಲ.

ಓದು ಮುಗಿದ ಮೇಲೇನು ಎಂದು ದೀಪಾವಳಿಯ ಹೊತ್ತಿಗೆ ಭಾವ ಮಗಳನ್ನು ಕೇಳಿದರಂತೆ. ಎಚ್-1ಬಿ ವೀಸಾ ಸಿಗಬೇಕು ಅಪ್ಪ, ಅದು ಲಾಟರಿ ಎಂದಳಂತೆ. ಭಾವ ರಾತ್ರಿಯೇ ನನಗೆ ಫೋನು ಮಾಡಿದರು. "ಅಲ್ವೋ, ನಾನು ಬರ್ಕೊಟ್ಟಿದೀನಲ್ಲೋ ಬ್ಯಾಂಕಿಗೆ!"

ರಿಟರ್ನ್ ಮಾತ್ರ ಇನ್ನೂ ಹಾಕಿಲ್ಲ. ತಿಪಟೂರಿನ ಆಡಿಟರ್ ತಮ್ಮ ಫೀಸು ಹೇಳಿದ್ದಾರೆ, ಅದು ಅಡ್ಡಿಯಲ್ಲ. ಅಡ್ಡಿ ಅಕ್ಕನದು. ಗಂಡ ಆದಾಯ ತೆರಿಗೆ ಕಟ್ಟುವವನಾದರೆ ಹೆಂಡತಿಗೆ ಗೃಹಲಕ್ಷ್ಮಿ ಇಲ್ಲ ಎಂದು ನಿಯಮ. ಕಟ್ಟುವುದಕ್ಕಲ್ಲ, ವಾಪಸ್ ಪಡೆಯುವುದಕ್ಕೆ ರಿಟರ್ನ್ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅಕ್ಕ ನಂಬುತ್ತಿಲ್ಲ. "ಆ ಕಂಪ್ಯೂಟರಿಗೆ ಗೊತ್ತಾಗತ್ತೇನೋ ಅಷ್ಟೆಲ್ಲ?" ಎನ್ನುತ್ತಾಳೆ. 47,900 ದಿಲ್ಲಿಯಲ್ಲಿದೆ. ಅಕ್ಕನ ಪಾಸ್‌ಬುಕ್ಕಿಗೆ ಹೋದ ತಿಂಗಳೂ 2,000 ಬಿದ್ದಿದೆ.