ಈಜುವವರಿಗೆ ರೆಕ್ಕೆ ಯಾಕಂತೆ?

ನೀರಿಗಿಳಿದ ಮೇಲೆ ರೆಕ್ಕೆ ಯಾಕೆ ಬೇಕು, ಹೇಳಿ ನೋಡುವಾ. ಹಾರುವವರಿಗೆ ರೆಕ್ಕೆ, ಈಜುವವರಿಗೆ ಬಾಲ ಅಂತ ದೇವರು ಯಾವತ್ತೋ ಪಾಲು ಮಾಡಿ ಮುಗಿಸಿದ್ದಾನೆ. ಆದರೆ ನಮ್ಮ ಮೊಮ್ಮಗಳು ಊಟ ಬಿಟ್ಟು ನೋಡುವ ಆ ‘ವಿಂಕ್ಸ್ ಕ್ಲಬ್’ ಕಾರ್ಟೂನಿನ ಹುಡುಗಿಯರು ಸಮುದ್ರದ ತಳಕ್ಕೆ ಹೋದರೂ ಬೆನ್ನ ಮೇಲಿನ ರೆಕ್ಕೆ ಬಿಡುವವರಲ್ಲ. ಕೇಳಿದರೆ, “ಅಜ್ಜೀ, ಅದು ಸಿರೆನಿಕ್ಸ್ ರೆಕ್ಕೆ, ಅದೇ ಬೇರೆ” ಅಂತ ನನಗೇ ಪಾಠ. ಆಯ್ತು ಮಾರಾಯ್ತಿ, ಬೇರೆ.

ಕಥೆ ನಿಮಗೆ ಗೊತ್ತೇ ಇರುತ್ತೆ, ನಿಮ್ಮನೆಯಲ್ಲೂ ಮಕ್ಕಳಿದ್ದಾರಲ್ಲ. ಇಟಲಿಯ ಇಜಿನಿಯೊ ಸ್ಟ್ರಾಫಿ ಅನ್ನುವವರು ಹುಟ್ಟುಹಾಕಿದ್ದು. 2004ರಲ್ಲಿ ಅಲ್ಲಿನ ರಾಯ್ ಟಿವಿಯಲ್ಲಿ ಶುರುವಾಯಿತು. ಆರು ಹುಡುಗಿಯರು, ಆರು ಬಣ್ಣದ ಅಲಂಕಾರ. ಬ್ಲೂಮ್‌ಗೆ ಬ್ರಿಟ್ನಿ ಸ್ಪಿಯರ್ಸ್, ಫ್ಲೋರಾಗೆ ಜೆನ್ನಿಫರ್ ಲೋಪೆಜ್ ಮಾದರಿಯಂತೆ. ಅದನ್ನು ಕೇಳಿದ ಮೇಲೆ ನಾನೂ ಕನ್ನಡಕ ಹಾಕಿಕೊಂಡು ಹೋಲಿಕೆ ಹುಡುಕಿದ್ದೇ ಹುಡುಕಿದ್ದು. ಕಣ್ಣು ಮುಕ್ಕಾಲು ಮುಖ ತುಂಬಿಕೊಂಡಿರುವಾಗ ಯಾರು ಯಾರ ಹಾಗಿದ್ದಾರೆ ಅಂತ ಹೇಳೋದು ಕಷ್ಟ, ಅಲ್ವಾ?

ನಾನು ಹೇಳಹೊರಟಿದ್ದು 2012ರ ಐದನೇ ಸೀಸನ್ ವಿಷಯ. ಬ್ಲೂಮ್‌ಳನ್ನು ಸಾಕಿದ ಅಪ್ಪ-ಅಮ್ಮ ಇರುವ ಗಾರ್ಡೀನಿಯಾ ಊರಿನ ಕಡಲಿಗೆ ಎಣ್ಣೆ ಚೆಲ್ಲುತ್ತೆ. ಅಪ್ಪ ಅಗ್ನಿಶಾಮಕ ದಳದವನು, ಅಮ್ಮನದು ಹೂವಿನಂಗಡಿ. ಮಾಯಾಲೋಕದ ರಾಜಕುಮಾರಿಗೆ ಎಂಥ ಸಾದಾ ಮನೆ ನೋಡಿ! ಆ ಮನೆ ಕಂಡರೆ ನನಗೆ ಏನೋ ಅಕ್ಕರೆ. ಇರಲಿ. ಎಣ್ಣೆ ಚೆಲ್ಲಿದರೆ ಮೀನಿಗೆ, ಹಕ್ಕಿಗೆ ಕೇಡು ಅಂತ ಎಲ್ಲರಿಗೂ ಗೊತ್ತು. ಆದರೆ ಇಲ್ಲೊಬ್ಬನಿಗೆ ಅದೇ ಮೃಷ್ಟಾನ್ನ. ಟ್ರೈಟನಸ್ ಅಂತ, ಕಡಲ ಅರಮನೆಯ ರಾಜಕುಮಾರ, ಸೆರೆಯಲ್ಲಿದ್ದವನು. ಆ ಕೊಳಕನ್ನು ಹೀರಿಕೊಂಡು ರಾಕ್ಷಸನಾಗಿ ಎದ್ದು ನಿಲ್ಲುತ್ತಾನೆ. ಹೊಟ್ಟೆಗೆ ಹೊಲಸು ಬೀಳದಿದ್ದರೆ ಮತ್ತೆ ಮೊದಲಿನ ಹಾಗೇ ಸಪ್ಪಗಾಗುತ್ತಾನೆ. ಈ ಕಥೆ ಬರೆದವರ ತಲೆಗೆ ಭೇಷ್ ಅನ್ನಬೇಕು. ಯಾವ ಮಂತ್ರವೂ ಬೇಡ, ನಾವು ಕಡಲಿಗೆ ಸುರಿಯೋದು ನಿಲ್ಲಿಸಿದರೆ ಅವನಿಗೆ ಉಪವಾಸವೇ ಗತಿ. ಆ ಹುಡುಗಿಯರು ಮಾತ್ರ ಪಾಪ, ನೀರೊಳಗೆ ತಮ್ಮ ಹಳೇ ಶಕ್ತಿ ಸಾಲದು ಅಂತ ಸಿರೆನಿಕ್ಸ್ ಅನ್ನುವ ಹೊಸದನ್ನು ಹುಡುಕಿಕೊಂಡು ಊರೂರು ಅಲೆಯುತ್ತಾರೆ.

ಎಣ್ಣೆ ಅಂದಾಗ ನೆನಪಾಯ್ತು. ನಾವು ಚಿಕ್ಕವರಿದ್ದಾಗ ಮೇ ತಿಂಗಳ ಕೊನೆಗೆ ಸುರತ್ಕಲ್ ಕಡಲಿಗೆ ಹೋದರೆ ಪಾದದಡಿ ಕಪ್ಪು ಉಂಡೆ ಅಂಟಿಕೊಂಡು ಬರುತ್ತಿತ್ತು. ಡಾಂಬರಿನ ಉಂಡೆ. ಎಲ್ಲೋ ನಡುಗಡಲಲ್ಲಿ ಹಡಗು ಟ್ಯಾಂಕು ತೊಳೆದು ಸುರಿದದ್ದು, ಅಲೆಗೆ ಸಿಕ್ಕಿ ಗಟ್ಟಿಯಾಗಿ, ಮಳೆಗಾಲದ ಗಾಳಿ ಶುರುವಾಗುತ್ತಿದ್ದ ಹಾಗೆ ದಡಕ್ಕೆ ಬರೋದು. ಸೋಪಿಗೆಲ್ಲ ಅದು ಬಗ್ಗುವುದಿಲ್ಲ. ಅತ್ತೆ ಬಾವಿಕಟ್ಟೆಯಲ್ಲೇ ನಮ್ಮನ್ನು ಸಾಲಾಗಿ ಕೂರಿಸಿ, ತೆಂಗಿನ ನಾರಿಗೆ ಸೀಮೆಎಣ್ಣೆ ಹಾಕಿ ತಿಕ್ಕೋರು. ಹಿಮ್ಮಡಿ ಕೆಂಪಾದರೂ ಉಗುರ ಸಂದಿಯಲ್ಲಿ ಒಂಚೂರು ಉಳಿದೇ ಇರುತ್ತಿತ್ತು. ಅಷ್ಟು ಕೂಡ ಜಗಲಿ ಹತ್ತುವ ಹಾಗಿಲ್ಲ, ಗಾರೆ ನೆಲ ಹಾಳಾಗುತ್ತೆ ಅಂತ! ಈಗಲೂ ಆ ಉಂಡೆ ಬರುತ್ತೆ, ಸೀಮೆಎಣ್ಣೆ ಸಿಗೋದು ಕಷ್ಟವಾಗಿದೆ ಅಷ್ಟೇ.

ಒಂದು ಉಂಡೆಗೇ ಅಷ್ಟು ಪಾಡಾದರೆ ಹಕ್ಕಿಗಳ ಪಾಡು ಹೇಗಿರಬೇಡ, ಅಲ್ವಾ? ಆ ಸೀಸನ್ ಬರುವುದಕ್ಕೆ ಎರಡು ವರ್ಷ ಮೊದಲು, 2010ರ ಏಪ್ರಿಲ್‌ನಲ್ಲಿ, ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ ತೈಲ ಕೊರೆಯುವ ಕಟ್ಟೆ ಸ್ಫೋಟವಾಗಿ 11 ಜನ ಸತ್ತರು. ಎಣ್ಣೆ 87 ದಿನ ಬುಗ್ಗೆಯಾಗಿ ಬಂತು. ಅಲ್ಲಿನ ಕಂದು ಹೆಜ್ಜಾರ್ಲೆಗಳು ಅಳಿವಿನಂಚಿನ ಪಟ್ಟಿಯಿಂದ ಹೊರಬಂದು ಇನ್ನೂ ಅರ್ಧ ವರ್ಷ ಆಗಿತ್ತಷ್ಟೆ. ಹೆಜ್ಜಾರ್ಲೆ ಅಂದರೆ ಗೊತ್ತಲ್ಲ, ನಮ್ಮ ಕೊಕ್ಕರೆ ಬೆಳ್ಳೂರಿನವರು ಬಾಣಂತನಕ್ಕೆ ಬಂದ ಮಗಳ ಹಾಗೆ ನೋಡಿಕೊಳ್ಳುತ್ತಾರಲ್ಲ, ಅದರ ಬಳಗವೇ. ಎಣ್ಣೆ ಮೆತ್ತಿದರೆ ಪುಕ್ಕ ಒಂದಕ್ಕೊಂದು ಅಂಟಿಕೊಂಡು ನೀರು ಮೈಗೇ ಇಳಿಯುತ್ತೆ, ಚಳಿ ಹಿಡಿಯುತ್ತೆ. ಕೊಕ್ಕಿನಿಂದ ಪುಕ್ಕ ತೀಡಿಕೊಳ್ಳಲು ಹೋದರೆ ವಿಷ ಹೊಟ್ಟೆಗೆ. ಜನ ಅವನ್ನು ಹಿಡಿದು ತಂದು ಪಾತ್ರೆ ತೊಳೆಯುವ ಸೋಪಿನಲ್ಲಿ, ಟಬ್ಬಿನಿಂದ ಟಬ್ಬಿಗೆ ಬದಲಾಯಿಸುತ್ತಾ, ತಲೆಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿದರು. ಅಷ್ಟುದ್ದದ ಕೊಕ್ಕು ಬೇರೆ, ಒಬ್ಬರು ಅದನ್ನು ಹಿಡಿದುಕೊಂಡೇ ಇರಬೇಕು!

ಈಗ ಟಿವಿ ಕಡೆ ನೋಡಿ. ಅಷ್ಟು ಎಣ್ಣೆ, ಅಷ್ಟು ಕೆಸರು, ಆ ಹುಡುಗಿಯರ ರೆಕ್ಕೆಗೆ ಒಂದು ಕಲೆ? ಊಹೂಂ. ಕೂದಲು ಮಾತ್ರ ಇನ್ನೂ ಉದ್ದವಾಗುತ್ತೆ, ಬಣ್ಣ ಬರುತ್ತೆ. ಒಂದೇ ಒಂದು ಸಲ ಫ್ಲೋರಾ ಬಾವಿಕಟ್ಟೆಯಲ್ಲಿ ಕೂತು ರೆಕ್ಕೆ ತಿಕ್ಕಿಸಿಕೊಳ್ಳುವುದನ್ನು ತೋರಿಸಿದ್ದರೆ ನಾನೂ ನಂಬುತ್ತಿದ್ದೆ ಮಾರಾಯ್ರೇ. ಮೊಮ್ಮಗಳಿಗೆ ಹೇಳಿದೆ. “ಆಗ ಯಾರು ನೋಡ್ತಾರೆ ಅಜ್ಜೀ?” ಅಂದಳು. ಅದೂ ಸರಿಯೇ.

ಇನ್ನೊಂದು ನೋಡಿದಿರಾ? ಆ ಟ್ರೈಟನಸ್ ಮೇಲೆ ಐಸಿ ಅನ್ನುವ ಮಾಟಗಾತಿಗೆ ಮನಸ್ಸಾಗಿದೆಯಂತೆ! ಆ ಮಂಜಿನಂಥ ಹುಡುಗಿ, ಇವನೋ ಮೈತುಂಬ ಕಲ್ಮಶ ತುಂಬಿಕೊಂಡವನು. ಅವಳ ಜೊತೆಯವರಿಬ್ಬರೂ ಮುಖ ಸಿಂಡರಿಸ್ತಾನೇ ಇರ್ತಾರೆ. ಅವನಲ್ಲಿ ಅವಳಿಗೆ ಏನು ಕಂಡಿತೋ, ನೀವೇ ಹೇಳಿ…