ಎರಡೂ ಕಡೆ ಏಟು ತಿನ್ನುವವನು

ಲಿನಕ್ಸ್ ಕಂಪ್ಯೂಟರು ನಿಧಾನವಾದರೆ ನಮ್ಮ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದರ ಸದ್ದು ನಿಂತರೆ ಮಾತ್ರ ಮನೆಯವರ ಸದ್ದು ಶುರುವಾಗುತ್ತದೆ. ಅವತ್ತು ಮಾವನವರು ತಾಳಮದ್ದಲೆ ಕೇಳುತ್ತ ಕೂತಿದ್ದರು. ಕೃಷ್ಣ ಸಂಧಾನಕ್ಕೆ ಬಂದಾಗಿತ್ತು, ಕೌರವನ ಅರ್ಥಧಾರಿ ಗಂಟಲು ಸರಿಮಾಡಿಕೊಂಡೂ ಆಗಿತ್ತು. ಇನ್ನೇನು ಮಾತು ಹೊರಡಬೇಕು, ಕೌರವ ಮೂಕನಾದ. ಪರದೆಯ ಮೂಲೆಯಲ್ಲಿದ್ದ ಸ್ಪೀಕರ್ ಚಿಹ್ನೆಯೇ ಮಾಯ. ಮಾವನವರು ನನ್ನ ಕಡೆ ನೋಡಿದರು. ಅಳಿಯನಿಗೆ ಕಂಪ್ಯೂಟರ್ ಗೊತ್ತು ಎಂಬ ಧೈರ್ಯದ ಮೇಲೆ ಮಗಳನ್ನು ಕೊಟ್ಟವರು ಅವರು.

ಲಿನಕ್ಸಿನಲ್ಲಿ ಸದ್ದು ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ. ಮೇಲೆ ಬ್ರೌಸರು, ಪ್ಲೇಯರು ಇತ್ಯಾದಿ ಯಜಮಾನರು. ಕೆಳಗೆ ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗೆ ಆಲ್ಸಾ ಎಂಬ ಹೆಸರಿನ ಡ್ರೈವರುಗಳ ದಂಡು. ನಡುವೆ ಒಬ್ಬ ಸೌಂಡ್ ಸರ್ವರ್. ಎಲ್ಲರ ಸದ್ದನ್ನೂ ಬೆರೆಸಿ, ಯಾವುದು ಎಷ್ಟು ಜೋರಾಗಿ ಎಲ್ಲಿಗೆ ಹೋಗಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ನಮ್ಮಲ್ಲಿ ಆ ಹುದ್ದೆಯಲ್ಲಿದ್ದವನು ಪಲ್ಸ್‌ಆಡಿಯೊ. 2004ರಲ್ಲಿ ಲೆನಾರ್ಟ್ ಪೊಟರಿಂಗ್ ಅವನನ್ನು ಹುಟ್ಟಿಸಿದರು. 2007ರಲ್ಲಿ ಫೆಡೋರಾ, ಮರುವರ್ಷ ಉಬುಂಟು ಎಂಬ ಲಿನಕ್ಸ್ ಆವೃತ್ತಿಗಳು ಅವನನ್ನು ಕೆಲಸಕ್ಕೆ ಸೇರಿಸಿಕೊಂಡವು. ಅಂದಿನಿಂದ ಅವನದು ಮದ್ದಳೆಯ ಬಾಳು, ಎರಡೂ ಕಡೆಯಿಂದ ಏಟು. ಅವನು ಮಾಡಿದ್ದಿಷ್ಟೇ: ‘ಈಗ ಎಲ್ಲಿಯವರೆಗೆ ನುಡಿಸಿದ್ದೀಯ, ನಿಖರವಾಗಿ ಹೇಳು’ ಎಂದು ಡ್ರೈವರುಗಳನ್ನು ವಿಚಾರಿಸಿದ. ಅಲ್ಲಿಯವರೆಗೆ ಹೀಗೆ ಲೆಕ್ಕ ಕೇಳಿದವರು ಕಡಿಮೆ. ಹಲವು ಡ್ರೈವರುಗಳು ತಪ್ಪು ಲೆಕ್ಕ ಕೊಟ್ಟವು, ಸದ್ದು ತೊದಲಿತು. ಬೈಗುಳ ಬಿದ್ದದ್ದು ಲೆಕ್ಕ ಕೇಳಿದವನಿಗೆ.

ಕೌರವನಿಗೆ ಮಾತು ಬರಿಸಲು ಮಿತ್ರರನ್ನು ವಿಚಾರಿಸಿದೆ. ಒಬ್ಬರು, ‘ಪಲ್ಸ್‌ಆಡಿಯೊ ಹೈಫನ್ ಕೆ’ ಎಂದು ಟೈಪ್ ಮಾಡಿ ಅವನನ್ನು ಕೊಲ್ಲು ಎಂದರು. ಸತ್ತವನನ್ನು ಮತ್ತೆ ಕೊಲ್ಲುವುದು ಹೇಗೆಂದು ಕೇಳಿದರೆ, ‘ಸರಿಯಾಗಿ ಕೊಂದರೆ ಎದ್ದು ಬರ್ತಾನೆ’ ಎಂದರು. ಇನ್ನೊಬ್ಬರು ಕಾನ್ಫಿಗ್ ಒಳಗಿರುವ ಪಲ್ಸ್ ಫೋಲ್ಡರನ್ನು ಅಳಿಸಿಹಾಕು ಎಂದರು. ಮತ್ತೊಬ್ಬರು ಪ್ಯಾಕೇಜನ್ನೇ ಕಿತ್ತು ಹೊಸದಾಗಿ ಹಾಕು ಎಂದರು. ವಿಚಿತ್ರ ನೋಡಿ, ಎಲ್ಲ ಉಪಾಯವೂ ಫಲಿಸಿತು, ಯಾವುದೂ ಉಳಿಯಲಿಲ್ಲ. ಪಲ್ಸ್‌ಆಡಿಯೊ ಬಿದ್ದಾಗಲೆಲ್ಲ, ಹಿನ್ನೆಲೆಯ ಪ್ರೋಗ್ರಾಮುಗಳ ಮೇಲ್ವಿಚಾರಕನಾದ ಸಿಸ್ಟಮ್‌ಡಿ ಅವನನ್ನು ತಾನಾಗಿಯೇ ಎಬ್ಬಿಸುತ್ತದೆ. ಆ ಹೊತ್ತಿಗೆ ಯಾರ ಸಲಹೆ ನಡೆಯುತ್ತಿತ್ತೋ ಕೀರ್ತಿ ಅವರಿಗೆ. ಆದರೆ ಸಿಸ್ಟಮ್‌ಡಿಯ ತಾಳ್ಮೆಗೂ ಮಿತಿಯಿದೆ. 10 ಸೆಕೆಂಡಿನಲ್ಲಿ 5 ಸಲ ಎಬ್ಬಿಸಿದ ಮೇಲೂ ಬಿದ್ದರೆ, ವಿನಂತಿ ಬಹಳ ಬೇಗ ಬೇಗ ಬರುತ್ತಿದೆ ಎಂದು ಷರಾ ಬರೆದು ಕೈತೊಳೆದುಕೊಳ್ಳುತ್ತದೆ. ಯಾವ ಸರ್ಕಾರಿ ಗುಮಾಸ್ತನೂ ಇದಕ್ಕಿಂತ ಚೆನ್ನಾಗಿ ಬರೆಯಲಾರ.

ಕೊನೆಗೆ ಸಲಹೆಗಾರರನ್ನು ಬಿಟ್ಟು, ನಡೆದದ್ದೆಲ್ಲ ದಾಖಲಾಗುವ ಜರ್ನಲ್ ತೆರೆದು ಕೂತೆ. ಲಿನಕ್ಸಿನ ಜರ್ನಲ್ ಓದುವುದೆಂದರೆ ಆಸ್ತಿ ವ್ಯಾಜ್ಯದ ಕಡತ ಓದಿದಂತೆ ಅಲ್ಲ, ಅದಕ್ಕಿಂತ ಸ್ವಾರಸ್ಯ. ಪಲ್ಸ್‌ಆಡಿಯೊ ಸಾಯುವ ಮುನ್ನ ಒಂದು ಹೇಳಿಕೆ ಕೊಟ್ಟಿದ್ದ. ಅದರ ಸಾರ ಇಷ್ಟು: ಬರೆಯಲು ಕೆಲಸವಿದೆ ಎಂದು ಆಲ್ಸಾ ನಮ್ಮನ್ನು ಎಬ್ಬಿಸಿತು, ಎದ್ದು ನೋಡಿದರೆ ಬರೆಯಲು ಏನೂ ಇಲ್ಲ, ಇದು ಬಹುಶಃ ಡ್ರೈವರಿನ ದೋಷ, ದಯವಿಟ್ಟು ಅವರಿಗೇ ತಿಳಿಸಿ. ಸಾಯುವಾಗಲೂ ಎಂಥ ವಿನಯ!

ಅದರ ಕೆಳಗೆ ಮರಣದ ನಮೂದು: ಕೊಲ್ಲಲ್ಪಟ್ಟಿದೆ, ಸಿಗ್ನಲ್ 9. ಅಂದರೆ ಇದು ಸಹಜ ಸಾವಲ್ಲ, ಕೊಲೆ. ಕೊಂದದ್ದು ಸಾಕ್ಷಾತ್ ಕರ್ನಲ್. ಸದ್ದು ತಡವರಿಸಬಾರದೆಂದು ಪಲ್ಸ್‌ಆಡಿಯೊಗೆ ರಿಯಲ್‌ಟೈಮ್ ಆದ್ಯತೆ ಸಿಕ್ಕಿರುತ್ತದೆ, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವ ಹಕ್ಕು. ಹಕ್ಕಿನ ಜೊತೆಗೊಂದು ಷರತ್ತು: ಒಮ್ಮೆಯೂ ನಿದ್ದೆಗೆ ಹೋಗದೆ 200 ಮಿಲಿಸೆಕೆಂಡು ಸಿಪಿಯು ಬಳಸಿದರೆ ತಲೆದಂಡ. ಹುಚ್ಚೆದ್ದ ಪ್ರೋಗ್ರಾಮು ಇಡೀ ಯಂತ್ರವನ್ನು ಹಿಡಿದು ಕೂರದಿರಲಿ ಎಂಬುದು ಉದ್ದೇಶ. ಇಲ್ಲಿ ಆದದ್ದು, ಡ್ರೈವರು ಇವನನ್ನು ಮಲಗಲು ಬಿಡದೆ ಸುಳ್ಳುಸುಳ್ಳೇ ಎಬ್ಬಿಸುತ್ತಿತ್ತು, ಇವನು ಏಳುತ್ತಿದ್ದ, ನಿದ್ದೆ ಮಾಡಲಿಲ್ಲವೆಂದು ಕರ್ನಲ್ ಕೊಲ್ಲುತ್ತಿತ್ತು. ಬಿಡುವಿಲ್ಲದೆ ದುಡಿದ ತಪ್ಪಿಗೆ ಮರಣದಂಡನೆ ಕೊಡುವ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಕಚೇರಿಗಳಲ್ಲಿ ಈ ಕಾನೂನು ಬಂದರೂ ಸಾವುನೋವೇನೂ ಆಗಲಿಕ್ಕಿಲ್ಲ ಎನ್ನುವುದು ಬೇರೆ ಮಾತು.

ಇನ್ನೂ ಒಂದು ವಿಶೇಷವಿದೆ. ಬಿದ್ದವನನ್ನು ಎಬ್ಬಿಸುವ, ಏಳದಿದ್ದರೆ ಮರಣದ ದಾಖಲೆ ಬರೆಯುವ ಸಿಸ್ಟಮ್‌ಡಿಯನ್ನು 2010ರಲ್ಲಿ ಕೇ ಸೀವರ್ಸ್ ಜೊತೆ ಸೇರಿ ಆರಂಭಿಸಿದವರೂ ಅದೇ ಪೊಟರಿಂಗ್. ಅಣ್ಣ ಸತ್ತ ಸುದ್ದಿಯನ್ನು ತಮ್ಮನೇ ರಿಜಿಸ್ಟರಿನಲ್ಲಿ ಬರೆದು, ಸಮಯವನ್ನು ಸೆಕೆಂಡಿನ ಸಮೇತ ನಮೂದಿಸಿ, ಮುಂದಿನ ಕೆಲಸಕ್ಕೆ ಹೋಗುತ್ತಿದ್ದ.

ಸುಳ್ಳು ಹೇಳಿ ಎಬ್ಬಿಸುತ್ತಿದ್ದದ್ದು ಒಂದು ಯುಎಸ್‌ಬಿ ಹೆಡ್‌ಸೆಟ್ಟಿನ ಡ್ರೈವರು. ಹೆಡ್‌ಸೆಟ್ಟನ್ನು ಕಿತ್ತೆ, ಸಾವು ನಿಂತಿತು. ಮತ್ತೆ ಸಿಕ್ಕಿಸಿದೆ, ಶುರುವಾಯಿತು. ಡೀಫಾಲ್ಟ್ ಡಾಟ್ ಪಿಎ ಎಂಬ ಕಡತದ ಒಂದು ಸಾಲಿನ ತುದಿಗೆ ‘ಟಿಶೆಡ್ ಸಮ ಸೊನ್ನೆ’ ಎಂದು ಸೇರಿಸಿದೆ. ಅಂದರೆ, ಡ್ರೈವರನ್ನು ನಿಖರ ಲೆಕ್ಕ ಕೇಳಬೇಡ, ಹಳೆಯ ಕಾಲದವರ ಹಾಗೆ ಅದು ಕರೆದಾಗ ಹೋಗು. ಪ್ರಶ್ನೆ ಕೇಳುವುದನ್ನು ಬಿಟ್ಟ ಕ್ಷಣದಿಂದ ಪಲ್ಸ್‌ಆಡಿಯೊ ದೀರ್ಘಾಯುಷಿಯಾದ. ಕೌರವ ಸೂಜಿಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲವೆಂದು ಸ್ಪಷ್ಟವಾಗಿ, ತೊದಲದೆ ಹೇಳಿದ. ‘ಮೊದಲೇ ಹೀಗೆ ಮಾಡಬಹುದಿತ್ತಲ್ಲ’ ಎಂದರು ಮಾವನವರು.

ಈಚೆಗೆ ಸೌಂಡ್ ಸರ್ವರ್ ಹುದ್ದೆಗೆ ಹೊಸಬ ಬಂದಿದ್ದಾನೆ, ಪೈಪ್‌ವೈರ್. ವಿಮ್ ಟೇಮನ್ಸ್ ಇದನ್ನು ಶುರು ಮಾಡಿದ್ದು ವಿಡಿಯೊಗಾಗಿ. ಆಮೇಲೆ ಸದ್ದಿನ ಜವಾಬ್ದಾರಿಯೂ ಹೆಗಲೇರಿತು. 2021ರಲ್ಲಿ ಫೆಡೋರಾ 34ರೊಂದಿಗೆ ಅಧಿಕಾರ ಹಸ್ತಾಂತರವಾಯಿತು. ನಮ್ಮ ಮನೆಗೂ ಅಪ್‌ಗ್ರೇಡಿನ ಜೊತೆ ಬಂದ. ಕುಶಲ ವಿಚಾರಿಸೋಣವೆಂದು ‘ಪಿಎಸಿಟಿಎಲ್ ಇನ್ಫೋ’ ಎಂದು ಟೈಪ್ ಮಾಡಿ ಹೆಸರು ಕೇಳಿದೆ. ‘ಪಲ್ಸ್‌ಆಡಿಯೊ, ಪೈಪ್‌ವೈರ್ ಮೇಲೆ’ ಎಂದ. ಹಳೆಯ ಪ್ರೋಗ್ರಾಮುಗಳು ಗೊಂದಲಪಡದಿರಲಿ ಎಂದು ಹೀಗಂತೆ. ನನಗೆ ಅದರಲ್ಲಿ ಇನ್ನೊಂದು ಜಾಣತನವೂ ಕಾಣುತ್ತದೆ: ಕೂತಿರುವವನು ಹೊಸಬನಾದರೂ ಬೈಗುಳವೆಲ್ಲ ಬೋರ್ಡಿನ ಮೇಲಿರುವ ಹೆಸರಿಗೇ ಹೋಗಲಿ.