ಎಂಟನೇ ನಂಬರ್ ಕಡ್ಡಿ

ಅವರೆಕಾಯಿ ಕಾಲದಲ್ಲಿ ನಮ್ಮ ಮುದ್ದೇನಹಳ್ಳಿಯ ಜಗಲಿಗಳ ಮೇಲೆ ಯಾರೂ ಖಾಲಿ ಕೈಯಲ್ಲಿ ಕೂರುವುದಿಲ್ಲ. ಹೆಂಗಸರು ನೆನೆಸಿದ ಕಾಳನ್ನು ಹಿತುಕಿ ಹಿತುಕಿ ಪಾತ್ರೆಗೆ ಹಾರಿಸುತ್ತಿರುತ್ತಾರೆ, ಮಕ್ಕಳು ಪಾತ್ರೆ ತಪ್ಪಿ ಹಾರಿದ್ದನ್ನು ಹುಡುಕುತ್ತಿರುತ್ತಾರೆ, ಗಂಡಸರು ಮೊಬೈಲು ಉಜ್ಜುತ್ತಿರುತ್ತಾರೆ. ನಾನು ಸ್ವೆಟರ್ ಹೆಣೆಯುತ್ತಿರುತ್ತೇನೆ. ಇದನ್ನು ಹೀಗೆ ಒಂದೇ ಉಸಿರಿನಲ್ಲಿ ಹೇಳಿಬಿಡುವುದು ವಾಸಿ. ನಿಧಾನ ಮಾಡಿದರೆ ನಡುವೆ ಯಾರಾದರೂ ನಗುತ್ತಾರೆ.

32 ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತವನು ನಾನು; ಕೂತದ್ದು ಕಡಿಮೆ. ರಿಟೈರ್ ಆಗಿ ಮನೆ ಸೇರಿದ ಮೇಲೆ ಕಾಲು ಸುಮ್ಮನಾಯಿತು, ಕೈ ಆಗಲಿಲ್ಲ. ಕೊನೆಕೊನೆಗೆ ಟಿಕೆಟ್ ಮೆಷಿನ್ನು ಬಂದಿತ್ತಾದರೂ ಬೆರಳಿಗೆ ನೆನಪಿದ್ದದ್ದು ಹಳೇ ಟಿಕೆಟ್ ಕಟ್ಟೇ. ಕೂತಲ್ಲೇ ಕಾಗದ ಹರಿಯತೊಡಗಿದೆ. ಮೊದಲು ಹಳೇ ಪೇಪರು, ಆಮೇಲೆ ಅವತ್ತಿನ ಪೇಪರು, ಒಂದು ದಿನ ಇನ್ನೂ ಕಟ್ಟದ ಕರೆಂಟ್ ಬಿಲ್ಲು. ಅವತ್ತು ನನ್ನ ಹೆಂಡತಿ ಏನೂ ಮಾತಾಡದೆ ಒಳಗೆ ಹೋಗಿ ಒಂದು ಜೊತೆ ಕಡ್ಡಿ, ಒಂದು ಉಂಡೆ ಉಲ್ಲನ್ ತಂದು ತೊಡೆಯ ಮೇಲೆ ಇಟ್ಟಳು. “ಇದನ್ನ ಹರಿಯೋಕಾಗಲ್ಲ, ಹಿಡ್ಕೊಳ್ಳಿ” ಅಂದಳು.

ಹೆಣಿಗೆ ನನಗೆ ಪೂರಾ ಅಪರಿಚಿತವೇನಲ್ಲ. ಎಂಬತ್ತರ ದಶಕದಲ್ಲಿ ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಸ್ಕೂಲ್ ಮೇಡಂಗಳ ಒಂದು ಗುಂಪೇ ಹತ್ತುತ್ತಿತ್ತು. ಸೀಟು ಸಿಕ್ಕಿತೋ ಇಲ್ಲವೋ, ಬ್ಯಾಗಿನಿಂದ ಕಡ್ಡಿ ಈಚೆಗೆ. ಮಂಚೇನಹಳ್ಳಿ ಬರುವಷ್ಟರಲ್ಲಿ ಒಂದು ತೋಳು ಬೆರಳುದ್ದ ಬೆಳೆದಿರುತ್ತಿತ್ತು. ಬಸ್ಸು ಗುಂಡಿಗೆ ಇಳಿದು ಎದ್ದರೂ ಅವರ ಕೈ ತಪ್ಪುತ್ತಿರಲಿಲ್ಲ. ನನ್ನ ಚಿಲ್ಲರೆ ಮಾತ್ರ ಚೆಲ್ಲುತ್ತಿತ್ತು. ಡಿಸೆಂಬರಿನಲ್ಲಿ ಮಡಿಲ ಮೇಲೆ ಶುರುವಾದದ್ದು ಸಂಕ್ರಾಂತಿ ಹೊತ್ತಿಗೆ ಯಾವುದೋ ಮಗುವಿನ ಮೈಮೇಲೆ ಅದೇ ಬಸ್ಸು ಹತ್ತುತ್ತಿತ್ತು. ಆ ಮಗುವಿಗೆ ಅರ್ಧ ಟಿಕೆಟ್ ಕೇಳಲು ನನಗೇ ಒಂಥರಾ ಸಂಕೋಚ.

ಗಂಡಸಿಗೆ ಇದೆಲ್ಲ ಯಾಕೆ ಎಂದು ಕೇಳುವವರಿಗೆ ನಾನು ಉತ್ತರ ಸಿದ್ಧಪಡಿಸಿಟ್ಟುಕೊಂಡಿದ್ದೇನೆ. ಯೂರೋಪಿನಲ್ಲಿ ಒಂದು ಕಾಲಕ್ಕೆ ಹೆಣಿಗೆಯವರ ಸಂಘ ಕಟ್ಟಿಕೊಂಡು ದಂಧೆ ನಡೆಸಿದವರು ಗಂಡಸರೇ. ಇಂಗ್ಲೆಂಡಿನಲ್ಲಿ 1589ರಲ್ಲಿ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರವನ್ನೇ ಮಾಡಿದ. ರಾಣಿ ಎಲಿಜಬೆತ್ ಅದಕ್ಕೆ ಪೇಟೆಂಟ್ ಕೊಡಲಿಲ್ಲ. ಕೈಯಲ್ಲಿ ಹೆಣೆದು ಬದುಕುವ ಬಡವರ ಅನ್ನ ಹೋಗುತ್ತದೆ ಎಂದಳಂತೆ. ಇಷ್ಟು ದೂರ ಯಾಕೆ, ನಮ್ಮ ಕಡೆ ಕಂಬಳಿ ನೇಯುವವರು ಯಾರು? ಹೆಂಗಸರು ಉಣ್ಣೆ ನೂತರೆ ಮಗ್ಗಕ್ಕೆ ಕೂರುವವರು ಗಂಡಸರು. ನಾನು ಚಿಕ್ಕವನಿದ್ದಾಗ ಸ್ವೆಟರ್ ಅನ್ನುವ ಪದಾರ್ಥ ನಮ್ಮನೆಯಲ್ಲಿ ಇರಲಿಲ್ಲ. ಚಳಿಗೂ ಕಂಬಳಿ, ಮಳೆಗೂ ಕಂಬಳಿ. ಅದನ್ನೇ ಕೊಪ್ಪೆ ಹಾಕಿಕೊಂಡು ಸ್ಕೂಲಿಗೆ ಹೋದರೆ ಚುಚ್ಚುತ್ತಿತ್ತು ನೋಡಿ, ಪಾಠದಲ್ಲಿ ನಿದ್ದೆ ಬರುವ ಪ್ರಶ್ನೆಯೇ ಇಲ್ಲ. ಈ ಉತ್ತರವೆಲ್ಲ ಮುಗಿಯುವ ಹೊತ್ತಿಗೆ ಕೇಳಿದವರು ಸಾಮಾನ್ಯವಾಗಿ ಎದ್ದು ಹೋಗಿರುತ್ತಾರೆ.

ಕಲಿತದ್ದು ಬೇಗ. ಇರುವುದೇ ಎರಡು: ಸೀದಾ, ಉಲ್ಟಾ. ಬಸ್ಸಿಗೂ ಅಷ್ಟೇ ತಾನೆ, ಹೋಗೋದು, ಬರೋದು. ಕಡ್ಡಿಯ ಮೇಲಿನ ಕುಣಿಕೆಗಳೇ ಪ್ಯಾಸೆಂಜರ್ರು. ಕಂಕುಳ ಹತ್ತಿರ ಒಂದಷ್ಟು ಜನ ಇಳಿಯುತ್ತಾರೆ, ತೋಳಿನಲ್ಲಿ ಒಂದಷ್ಟು ಜನ ಹತ್ತುತ್ತಾರೆ. ಸಾಲು ಮುಗಿದಾಗ ಎಣಿಸಬೇಕು, ಸ್ಟೇಜು ಮುಗಿದಾಗ ವೇಬಿಲ್ ಬರೆದ ಹಾಗೆ. ಒಂದು ಕುಣಿಕೆ ಕಡಿಮೆ ಬಂದರೆ ಯಾರೋ ಹೇಳದೆ ಇಳಿದಿದ್ದಾರೆ. ಹೆಚ್ಚು ಬಂದರೆ ಯಾರೋ ಟಿಕೆಟ್ ತಗೊಂಡಿಲ್ಲ. ಎರಡೂ ಸಂದರ್ಭದಲ್ಲಿ ಎದೆ ಢವಢವ. ಚೆಕಿಂಗ್ ಇನ್ಸ್‌ಪೆಕ್ಟರ್ ಆದರೆ ಸ್ಟಾಪ್ ನೋಡಿ ಹತ್ತುತ್ತಿದ್ದರು. ನನ್ನ ಹೆಂಡತಿ ಎಲ್ಲಿ ಬೇಕಾದರೂ ಹತ್ತುತ್ತಾಳೆ, ಒಗ್ಗರಣೆ ಸೌಟು ಹಿಡಿದುಕೊಂಡೇ. “ಏನ್ರೀ, ಆರು ಸಾಲು ಕೆಳಗೆ ಒಂದು ಬಿಟ್ಟಿದ್ದೀರ” ಎಂದು ದೂರದಿಂದಲೇ ಹೇಳಿ ಹೋಗುತ್ತಾಳೆ. ಬಿಚ್ಚುವುದು ನನ್ನ ಪಾಲು.

ಹೋದ ಕಾರ್ತೀಕದಲ್ಲಿ ನನಗೆ ಸ್ವಲ್ಪ ಧೈರ್ಯ ಬಂತು. ಅಲ್ಲಿಯವರೆಗೆ ಕುಲಾವಿ, ಮಫ್ಲರ್, ಯಾರ ಪಾದಕ್ಕೂ ಹತ್ತದ ಒಂದು ಜೊತೆ ಕಾಲುಚೀಲ ಇಷ್ಟೇ ನನ್ನ ಸಾಧನೆ. ಈ ಸಲ ಶಿಡ್ಲಘಟ್ಟದ ಹತ್ತಿರ ರೇಷ್ಮೆ ಹುಳು ಸಾಕುವ ನನ್ನ ಬಾಮೈದನಿಗೆ ತುಂಬುತೋಳಿನ ಸ್ವೆಟರ್ ಹಾಕಿಕೊಡುತ್ತೇನೆ ಎಂದು ಜಂಬದಿಂದ ಹೇಳಿಬಿಟ್ಟೆ. ಬಾಮೈದ ಸಣ್ಣ ಆಸಾಮಿಯಲ್ಲ, ಮೂರು ಜನರ ಸೀಟಿನಲ್ಲಿ ಕೂತರೆ ಇಬ್ಬರು ನಿಲ್ಲಬೇಕು. “ಅಳತೆ ತಗೊಂಡು ಬನ್ನಿ” ಎಂದಳು ಹೆಂಡತಿ. ನಾನು ನಕ್ಕೆ. ಆರು ವರ್ಷ ತುಂಬಿಲ್ಲ ಎಂದು ತಾಯಿ ಸೊಂಟದ ಮೇಲೆ ಎತ್ತಿಕೊಂಡ ಹುಡುಗನ ಕಾಲು ಎಲ್ಲಿವರೆಗೆ ಜೋತಾಡುತ್ತಿದೆ ನೋಡಿ ವಯಸ್ಸು ಹೇಳಿದವನು ನಾನು. ಹನ್ನೆರಡು ದಾಟಿದ ಹುಡುಗ ಅರ್ಧ ಟಿಕೆಟ್ಟಿಗಾಗಿ ಮಂಡಿ ಬಗ್ಗಿಸಿ ನಿಂತಿದ್ದರೆ ಡ್ರೈವರ್ ಸೀಟಿನ ಹತ್ತಿರದಿಂದಲೇ ಗುರುತು ಹಿಡಿಯುತ್ತಿದ್ದೆ. ನನ್ನ ಕಣ್ಣಿಗೆ ಟೇಪು ಹಿಡಿಯುವುದೆ?

ಕಾಫಿ ಬಣ್ಣದ ಉಲ್ಲನ್ ತಂದೆ. ಹತ್ತನೇ ನಂಬರ್ ಕಡ್ಡಿಯಲ್ಲಿ 120 ಕುಣಿಕೆ ಏರಿಸಿದೆ. ಮುಂಭಾಗ ಸುಸೂತ್ರವಾಗಿ ಮುಗಿಯಿತು. ಮಧ್ಯಾಹ್ನವೆಲ್ಲ ಅವರೆಕಾಯಿ ರಾಶಿಯ ಪಕ್ಕದಲ್ಲೇ ಕೂತು ಹೆಣೆದಿದ್ದರಿಂದ ಅದಕ್ಕೆ ಸೊಗಡು ಹತ್ತಿತ್ತು. ಮೂಗಿಗೆ ಹಿಡಿದರೆ ಹಸಿವಾಗುತ್ತಿತ್ತು.

ಆಮೇಲೆ ಆದದ್ದು ಆ ಕಡ್ಡಿಯ ದೆಸೆಯಿಂದ. ಪಕ್ಕದ ಮನೆಯವರು ಗ್ಯಾಸ್ ಒಲೆಯ ತೂತು ಕಟ್ಟಿಕೊಂಡಿದೆ, ಚುಚ್ಚೋಕೆ ಏನಾದರೂ ಕೊಡಿ ಎಂದು ಬಂದವರು ಜಗಲಿಯ ಮೇಲಿದ್ದ ನನ್ನ ಒಂದು ಕಡ್ಡಿ ಒಯ್ದರು. ಅಲ್ಯುಮಿನಿಯಂ ಕಡ್ಡಿ, ಕುಡುಗೋಲಿನ ಆಕಾರದಲ್ಲಿ ವಾಪಸು ಬಂತು. ಹೆಂಡತಿಯ ಹತ್ತಿರ ಡಬ್ಬಿ ತುಂಬ ಕಡ್ಡಿಗಳಿವೆ, ಆದರೆ ನಾನು ಮುಟ್ಟುವ ಹಾಗಿಲ್ಲ. ನಮ್ಮೂರಿನ ವಿಶ್ವೇಶ್ವರಯ್ಯನವರ ಮೇಣದಬತ್ತಿ ಕಥೆ ನಿಮಗೂ ಗೊತ್ತಿರಬೇಕಲ್ಲ, ಸರ್ಕಾರದ ಕೆಲಸಕ್ಕೆ ಒಂದು ಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು. ನನ್ನ ಹೆಂಡತಿ ಅದನ್ನು ಅಕ್ಷರಶಃ ಪಾಲಿಸುತ್ತಾಳೆ: ಅವಳ ಕಡ್ಡಿ ಸರ್ಕಾರದ್ದು, ನನ್ನದು ಸ್ವಂತದ್ದು.

ಹೀಗಾಗಿ ಚಿಕ್ಕಬಳ್ಳಾಪುರಕ್ಕೆ ಹೋದೆ. ಅಂಗಡಿಯಲ್ಲಿ ಹತ್ತನೇ ನಂಬರ್ ಮುಗಿದಿತ್ತು. ಎಂಟು ಇತ್ತು, ಹನ್ನೆರಡು ಇತ್ತು. ಲೆಕ್ಕ ಹಾಕಿದೆ: ಹನ್ನೆರಡು ದಪ್ಪ ಆದೀತು, ಎಂಟು ಒಂಚೂರು ಸಣ್ಣ, ಸಣ್ಣ ಕಡ್ಡಿಯಾದರೆ ಹೆಣಿಗೆ ಬಿಗಿ, ಬೆನ್ನಿಗೆ ಬೆಚ್ಚಗೆ. ಎಂಟನ್ನು ಕೊಂಡು ಬಂದೆ. ಕೈಗೆ ಸ್ವಲ್ಪ ತೋರವಾಗಿ ಕಂಡದ್ದು ನಿಜ. ಚಳಿಗೆ ಬೆರಳು ಮರಗಟ್ಟಿರಬೇಕು ಅಂದುಕೊಂಡೆ. ಡಿಸೆಂಬರಿನಲ್ಲಿ ನಂದಿ ಬೆಟ್ಟದ ಮಂಜು ಇಳಿದು ಬಂದು ನಮ್ಮ ದ್ರಾಕ್ಷಿ ತೋಟಗಳ ಮೇಲೆ ಮಲಗಿತೆಂದರೆ ಹೊತ್ತು ನೆತ್ತಿಗೆ ಬರುವವರೆಗೂ ಏಳುವುದಿಲ್ಲ. ಬೆಂಗಳೂರಿನ ಹುಡುಗರು ಶನಿವಾರ ರಾತ್ರಿ ನಿದ್ದೆ ಬಿಟ್ಟು, ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡು, 1,478 ಮೀಟರ್ ಎತ್ತರಕ್ಕೆ ಬೈಕು ಹತ್ತಿಸಿ ಅದೇ ಮಂಜನ್ನು ನೋಡಿ ಹೋಗುತ್ತಾರೆ. ನಮಗೆ ಅದು ಬಚ್ಚಲ ಕಿಟಕಿಯಲ್ಲೇ ಸಿಗುತ್ತದೆ, ಪುಕ್ಕಟೆ.

ಮುಂಭಾಗಕ್ಕೆ ಎಷ್ಟು ಸಾಲೋ ಹಿಂಭಾಗಕ್ಕೂ ಅಷ್ಟೇ ಸಾಲು, ಒಂದೂ ಹೆಚ್ಚಿಲ್ಲ ಕಡಿಮೆಯಿಲ್ಲ. ವೇಬಿಲ್ ಪಕ್ಕಾ. ಆದರೆ ಎರಡನ್ನೂ ಹಾಸಿಗೆಯ ಮೇಲೆ ಒಂದರ ಮೇಲೊಂದು ಹರಡಿದಾಗ ಮುಂಭಾಗ ಕಾಣಲೇ ಇಲ್ಲ. ಹಿಂಭಾಗದ ಅಡಿಯಲ್ಲಿ, ಅಪ್ಪನ ಚಾದರದೊಳಗೆ ಮಗು ಮಲಗಿದ ಹಾಗೆ, ಎಲ್ಲೋ ಇತ್ತು. ಈಗ ಟೇಪು ಬೇಕಾಯಿತು. ಮುಂಭಾಗ 20 ಇಂಚು ಅಗಲ, ಹಿಂಭಾಗ 24. ಉದ್ದದಲ್ಲೂ ಮೂರು ಇಂಚು ಬಾಲ.

ಹೆಂಡತಿ ಬಂದು ಕಡ್ಡಿ ತಿರುಗಿಸಿ ನೋಡಿದಳು. “ಎಂಟಾ ತಂದಿದ್ದು?” ಅಂದಳು. ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದವಳು ಹತ್ತು ನಿಮಿಷ ಈಚೆಗೆ ಬರಲಿಲ್ಲ. ಬಂದಮೇಲೆ ತಿಳಿಸಿದಳು: ನಮ್ಮ ಅಂಗಡಿಗಳ ಕಡ್ಡಿಗೆ ಇರುವುದು ಇಂಗ್ಲೆಂಡಿನ ಹಳೇ ನಂಬರ್. ಅದು ಉಲ್ಟಾ. ನಂಬರ್ ಏರಿದಷ್ಟೂ ಕಡ್ಡಿ ತೆಳು, ಇಳಿದಷ್ಟೂ ದಪ್ಪ. ಹತ್ತು ಅಂದರೆ 3.25 ಮಿಲಿಮೀಟರ್, ಎಂಟು ಅಂದರೆ 4. ಮುಕ್ಕಾಲು ಮಿಲಿಮೀಟರ್, ಅಕ್ಕಿಕಾಳಿಗೂ ಕಡಿಮೆ. ಆದರೆ ಹತ್ತರಲ್ಲಿ ನನ್ನ ಕೈಗೆ ಇಂಚಿಗೆ ಆರು ಕುಣಿಕೆ ಕೂತರೆ ಎಂಟರಲ್ಲಿ ಐದೇ. 120ನ್ನು ಆರರಿಂದ ಭಾಗಿಸಿ, ಐದರಿಂದ ಭಾಗಿಸಿ, ನೋಡಿ. ನಾನು ಆ ರಾತ್ರಿ ಪೇಪರಿನ ಅಂಚಿನಲ್ಲಿ ನಾಲ್ಕು ಸಲ ಭಾಗಿಸಿ ನೋಡಿದೆ. ಬೇರೆ ಉತ್ತರ ಬರಲಿಲ್ಲ.

ಬೇರೆ ಊರಿನಲ್ಲಾಗಿದ್ದರೆ ಇದೊಂದು ಸಾಮಾನ್ಯ ತಪ್ಪು. ಮುದ್ದೇನಹಳ್ಳಿಯಲ್ಲಿ ಅಳತೆ ತಪ್ಪುವುದಕ್ಕೆ ಬೇರೆಯೇ ತೂಕವಿದೆ. 1861ರಲ್ಲಿ ಹುಟ್ಟಿದ ಆ ಮಹಾನುಭಾವ ವಿಶ್ವೇಶ್ವರಯ್ಯನವರ ಮನೆ ಇಲ್ಲೇ ಇದೆ, 1962ರಲ್ಲಿ ತೀರಿಕೊಂಡ ಮೇಲೆ ಸಮಾಧಿಯೂ ಇಲ್ಲೇ ಆಯಿತು. ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ಹಾಕಿಸಿದ ಬಾಗಿಲುಗಳು ನೀರು ಇಷ್ಟು ಏರಿತೆಂದರೆ ತಾವೇ ತೆರೆಯುತ್ತಿದ್ದವು, ಇಳಿದರೆ ತಾವೇ ಮುಚ್ಚುತ್ತಿದ್ದವು. ಕನ್ನಂಬಾಡಿ ಕಟ್ಟೆಯನ್ನು ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲೇ ನಿಲ್ಲಿಸಿದ್ದಾರೆ. ಸೆಪ್ಟೆಂಬರ್ 15 ಬಂತೆಂದರೆ ಎಲ್ಲೆಲ್ಲಿಂದಲೋ ಇಂಜಿನಿಯರುಗಳು ಬಂದು ಕೈಮುಗಿದು ಹೋಗುತ್ತಾರೆ. ಅಂಥ ಊರಿನವನು ಎಂಟು ಹತ್ತರ ವ್ಯತ್ಯಾಸ ತಿಳಿಯದೆ ಸ್ವೆಟರಿಗೆ ಬಾಲ ಇಳಿಸಿದ್ದಾನೆ. ಮಾರನೇ ದಿನ ಸಮಾಧಿಯ ಕಡೆ ವಾಕಿಂಗ್ ಹೋಗಲು ಮನಸ್ಸಾಗಲಿಲ್ಲ. ತಲೆಗೆ ಪೇಟ, ಮೈಗೆ ಅಳತೆ ಹಿಡಿದಂಥ ಸೂಟು, ಅಲ್ಲಿನ ಅವರ ಫೋಟೋದಲ್ಲಿ ಒಂದು ಸುಕ್ಕೂ ಇಲ್ಲ. ದೃಷ್ಟಿಸಿ ನೋಡಿದರೆ ನನ್ನ ತಪ್ಪನ್ನೇ ಎತ್ತಿ ಹೇಳಿದಂತಿರುತ್ತದೆ.

ಬಿಚ್ಚಿ ಮತ್ತೆ ಹಾಕಬಹುದಿತ್ತು. ಆದರೆ ಬಾಮೈದನ ಫೋನು: “ಭಾವ, ಸ್ವೆಟರ್ ಆಯ್ತಾ? ಇಲ್ಲಿ ಚಳಿ ಕೊಲ್ತಾ ಇದೆ.” ಕಂಬಳಿಯಲ್ಲಿ ಊಟಕ್ಕೆ ಕೂತು ಕೂದಲು ಹುಡುಕಬಾರದು ಎಂದು ಸಮಾಧಾನ ಮಾಡಿಕೊಂಡು, ಹಿಂಭಾಗವನ್ನು ನೆರಿಗೆ ಹಿಡಿದು ಪಕ್ಕ ಹೊಲಿದು, ಶಿಡ್ಲಘಟ್ಟದ ಬಸ್ಸು ಹತ್ತಿದೆ. ಕಂಡಕ್ಟರ್ ಹುಡುಗ ಗುರುತು ಹಿಡಿದು “ಏನ್ ಸಾರ್ ಚೀಲದಲ್ಲಿ?” ಅಂದ. ಕಂಬಳಿ ಅಂದೆ.

ಬಾಮೈದ ಹುಳದ ಮನೆಯಲ್ಲಿದ್ದ. ಆ ಮನೆಯ ಬಾಗಿಲು ತೆಗೆದರೆ ಚೈತ್ರಮಾಸ. ಹುಳಕ್ಕೆ 25 ಡಿಗ್ರಿ ಆಸುಪಾಸು ಶಾಖ ಇರಬೇಕು, ಥಂಡಿಯಾದರೆ ಸೊಪ್ಪು ತಿನ್ನದೆ ಮಂಕಾಗುತ್ತದೆ. ಅದಕ್ಕೇ ಮೂಲೆಯಲ್ಲಿ ಇದ್ದಿಲ ಒಲೆ, ಗೋಡೆಯ ಮೇಲೆ ಥರ್ಮಾಮೀಟರು, ಕಿಟಕಿಗೆಲ್ಲ ಪರದೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಜಾತ್ರೆ ಸ್ಪೆಷಲ್ ಬಸ್ಸಿನಲ್ಲಿ ಎಲ್ಲರೂ ಒಟ್ಟಿಗೆ ಕಡ್ಲೆಕಾಯಿ ಸುಲಿದಂತಿತ್ತು. ಇನ್ನೊಂದು ಕಡೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಿದ್ದರು. ಒಂದರ ಹತ್ತಿರ ಕೂತು ನೋಡಿದೆ. ತಲೆಯನ್ನು ಎಂಟರ ಆಕಾರದಲ್ಲಿ (ನೋಡಿ, ಎಂಟು ನನ್ನನ್ನು ಬಿಡುವುದಿಲ್ಲ) ಆಡಿಸುತ್ತಾ ಆಡಿಸುತ್ತಾ ನೂಲು ಬಿಡುತ್ತಿತ್ತು. ಒಳ್ಳೇ ಗೂಡಾದರೆ ಒಂದೇ ಎಳೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಬರುತ್ತದೆ, ನಡುವೆ ಗಂಟಿಲ್ಲ. ಎರಡು ಮೂರು ದಿನಕ್ಕೆ ಮನೆ ಕಟ್ಟಿ ಮುಗಿಸುತ್ತದೆ. ಕಡ್ಡಿ ಇಲ್ಲ, ಟೇಪು ಇಲ್ಲ, ಹೆಂಡತಿ ಬಂದು ಎಣಿಸುವುದಿಲ್ಲ. ಆದರೂ ಸಾವಿರ ಗೂಡು ಸುರಿದರೆ ಸಾವಿರಕ್ಕೂ ಒಂದೇ ಅಳತೆ.

“ಅವಕ್ಕೆ ಏನಾದ್ರೂ ಕಲಿಸ್ತಾ ಇದ್ದೀರಾ ಭಾವ?” ಎಂದ ಬಾಮೈದ ಹಿಂದಿನಿಂದ.

ನಾನು ಮಾತಾಡದೆ ಸ್ವೆಟರ್ ಕೊಟ್ಟೆ. ಅಂಗಳಕ್ಕೆ ಬಂದು ಹಾಕಿಕೊಂಡ. ಎದೆಯ ಮೇಲೆ ತಮಟೆ ಚರ್ಮದಂತೆ ಬಿಗಿದುಕೊಂಡಿತು, ಹೊಟ್ಟೆಯ ಹತ್ತಿರ ಬಂದು ನಿಂತೇಬಿಟ್ಟಿತು. ಬೆನ್ನ ಹಿಂದೆ ನೆರಿಗೆ, ಬಾಲ, ಎಲ್ಲ ಗಾಳಿಗೆ ಆಡುತ್ತಿತ್ತು. ಅವನ ಹೆಂಡತಿ ನೀರು ಕೊಡಲು ಬಂದವಳು ಹಾಗೇ ಒಳಗೆ ಹೋದಳು. ನನ್ನ ತಲೆ ತಗ್ಗಿತು. ಅವನು ಒಂದು ನಿಮಿಷ ನಿಂತು, ಬಿಚ್ಚಿ, ಹಿಂದು ಮುಂದು ಮಾಡಿ ಮತ್ತೆ ಹಾಕಿಕೊಂಡ. ಹೆಚ್ಚಿದ್ದ ನಾಲ್ಕು ಇಂಚು ಹೊಟ್ಟೆಯ ಮೇಲೆ ಬಂದು ಸರಿಯಾಗಿ ಕೂತಿತು. ಹೊಟ್ಟೆ ಎತ್ತಿ ಹಿಡಿದದ್ದರಿಂದ ಬಾಲವೂ ಮೇಲೆದ್ದು, ಕೆಳ ಅಂಚು ಸುತ್ತಲೂ ನೀಟಾಗಿ ಒಂದೇ ಸಮ ನಿಂತಿತು. ಚಪ್ಪಲಿ ಕಂಪನಿಯವರೂ ಇಷ್ಟು ಕರಾರುವಾಕ್ಕಾಗಿ ಎಡ ಬಲ ಮಾಡಲಾರರು.

“ನೋಡಿದ್ಯೇನೇ?” ಎಂದು ಹೆಂಡತಿಯನ್ನು ಕೂಗಿದ. “ಅಂಗಡಿಯೋರಿಗೆ ಹೊಟ್ಟೆ ಬಿಟ್ಟು ಲೆಕ್ಕ. ಭಾವ ಹೊಟ್ಟೆ ಸೇರಿಸಿ ಲೆಕ್ಕ ಹಾಕವ್ರೆ.”

ನಾನು ನಿರಾಕರಿಸಲಿಲ್ಲ. ಅರ್ಧ ಟಿಕೆಟ್ ಕಣ್ಣು ಅಂದರೆ ಇದೇ ಅನ್ನುವ ಹಾಗೆ ಮೀಸೆ ಸವರಿಕೊಂಡು ನೀರು ಕುಡಿದೆ. ಅವತ್ತಿನಿಂದ ಅವನು ಬೆಳಗಿನ ಜಾವ ಸೊಪ್ಪು ಹಾಕುವಾಗಲೂ, ಗೂಡಿನ ಮೂಟೆ ಹೊತ್ತು ಮಾರ್ಕೆಟ್ಟಿಗೆ ಹೋಗುವಾಗಲೂ ಅದನ್ನೇ ಹಾಕುತ್ತಾನಂತೆ. ಒಂದೇ ತೊಂದರೆ. ಮುಂದಕ್ಕೆಂದು ಬಿಟ್ಟ ಕುತ್ತಿಗೆಯ ಇಳುಕಲು ಈಗ ಹಿಂದಕ್ಕೆ ಹೋಗಿದೆ, ಹೆಗ್ಗತ್ತಿಗೆ ಗಾಳಿ ಹೊಡೆಯುತ್ತದೆ. ಸಂಕ್ರಾಂತಿಗೆ ಎಳ್ಳು ಬೀರಲು ಬಂದವನು ಹೋಗುವಾಗ ಬಾಗಿಲಲ್ಲಿ ನಿಂತು, “ಭಾವ, ಅದೇ ಬಣ್ಣದಲ್ಲಿ ಒಂದು ಮಫ್ಲರ್ರು…” ಅಂದ.

ಕಾಫಿ ಬಣ್ಣದ್ದು ಒಂದೂವರೆ ಉಂಡೆ ಉಳಿದಿತ್ತು. ಜಗಲಿಗೆ ಬಂದು ಕೂತು ನಲವತ್ತು ಕುಣಿಕೆ ಏರಿಸಿ, ಮೂವತ್ತೊಂಬತ್ತು ಎಣಿಸಿ, ಮತ್ತೆ ಎಣಿಸುತ್ತಿದ್ದೆ. ಒಳಗಿನಿಂದ ದನಿ ಬಂತು:

“ಏನ್ರೀ, ಯಾವ ನಂಬರ್ ಕಡ್ಡಿ?”